ಸೇರಿನ ಮೇಲಿನ ಗುಡ್ಡೆ

"ಗುರುಗಳೇ, ಬಡವರಿಗೆ ಉಳಿಸುವ ಬುದ್ಧಿ ಏಕೆ ಬರುವುದಿಲ್ಲ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಆಳುಗಳಿಗೆ ಅಂದಿನ ಅಕ್ಕಿ ಅಳೆದು ಕೊಟ್ಟು ನೇರವಾಗಿ ಬಂದಿದ್ದ. ಅಳೆಯುವಾಗ ಬಳಸುವ ಕೋಲು ಇನ್ನೂ ಅವನ ಕೈಯಲ್ಲಿತ್ತು.

"ಯಾರನ್ನು ನೋಡಿ ಈ ಮಾತು?" ಎಂದ ಗುರು.

"ನಮ್ಮ ಕಟ್ಟಿಗೆ ಒಡೆಯುವವರನ್ನು, ಪಾತ್ರೆ ತಿಕ್ಕುವವರನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ದಿನವೂ ಹೇಳುತ್ತೇನೆ. ಆದರೂ ಅಕ್ಕಿ ಸಾಲದು ಎಂದು ಗೊಣಗುತ್ತಾರೆ."

ಗುರುವಿನ ಮುಖ ಬಿಗಿಯಿತು. "ಕೂತುಕೋ" ಎಂದ. ಕತೆ ಹೇಳಿದ.

ಒಂದು ಪೇಟೆಯಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಅವನ ಕೊಟ್ಟಿಗೆಯಲ್ಲಿ ಹೆಂಗಸರು ಭತ್ತ ಕುಟ್ಟುತ್ತಿದ್ದರು. ಸಂಜೆಗೆ ಕೂಲಿ ಒಂದು ಸೇರು ಅಕ್ಕಿ. ಸೇರಿನ ಬಾಯಿ ಮೀರಿ ಎಷ್ಟು ನಿಲ್ಲುತ್ತದೋ ಆ ಗುಡ್ಡೆಯೂ ಕುಟ್ಟಿದವಳದೇ. ಇದು ಅವನು ಮಾಡಿದ ಧರ್ಮವಲ್ಲ. ಅವನ ಅಜ್ಜನಿಗಿಂತ ಹಳೆಯ ವಾಡಿಕೆ.

ವ್ಯಾಪಾರಿಗೆ ಬುದ್ಧಿ ಹೇಳುವ ಚಟ. ಮೂಟೆಯ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ ಹೇಳುತ್ತಿದ್ದ: "ಹನಿ ಹನಿ ಕೂಡಿದರೆ ಹಳ್ಳ. ನೀವು ಎಲೆ ಅಡಿಕೆಗೆ ಕಳೆದದ್ದನ್ನು ಕೂಡಿಟ್ಟಿದ್ದರೆ ಮನೆಗೆ ಹೆಂಚು ಹಾಕಿಸಬಹುದಿತ್ತು."

"ಬಾಯಲ್ಲಿರುವುದನ್ನು ಉಗಿದು ಹೇಳಿ ಧಣಿ, ಮಾತು ಸರಿಯಾಗಿ ಕೇಳುವುದಿಲ್ಲ" ಎಂದಳು ಒಬ್ಬ ಮುದುಕಿ. ಒನಕೆಗಳು ನಿಂತವು. ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಆದರೆ ಉಗಿಯಲಿಲ್ಲ.

ಆ ಹೆಂಗಸರಲ್ಲಿ ಒಬ್ಬಳಿಗೆ ಯಾರ ಬುದ್ಧಿಯೂ ಬೇಕಿರಲಿಲ್ಲ. ಅವಳು ಅಡುಗೆಗೆ ಅಕ್ಕಿ ಹಾಕುವ ಮೊದಲು ಒಂದು ಮುಷ್ಟಿ ತೆಗೆದು ಸೂರಿಗೆ ತೂಗುಹಾಕಿದ ನೆಲುವಿನ ಮಡಕೆಗೆ ಹಾಕುತ್ತಿದ್ದಳು. ಹುಳ ಬೀಳದಂತೆ ಬೇವಿನೆಲೆ ಇಡುತ್ತಿದ್ದಳು. ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಮರುದಿನದ ಬೆಂಕಿ ಉಳಿಸುತ್ತಿದ್ದಳು. ಸಂತೆಗೆ ಗಂಜಿ ಕುಡಿದೇ ಹೋಗುತ್ತಿದ್ದಳು; ಹಸಿದವಳ ಕಣ್ಣು ಕಂಡದ್ದನ್ನೆಲ್ಲ ಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಆಸೆ ಒಂದೇ. ಒಂದು ಮೂಟೆ ಭತ್ತ ತನ್ನದಾಗಬೇಕು. ಅದನ್ನು ತಾನೇ ಕುಟ್ಟಿ ತಾನೇ ಮಾರಬೇಕು. ಆಮೇಲೆ ಯಾರ ಕೊಟ್ಟಿಗೆಗೂ ಹೋಗಬೇಕಿಲ್ಲ.

ಎರಡು ವರ್ಷ ಕಳೆಯಿತು. ಮಡಕೆಯಲ್ಲಿದ್ದುದನ್ನು ಚೀಲಕ್ಕೆ ಸುರಿದು ಅವಳು ವ್ಯಾಪಾರಿಯ ಮುಂದೆ ಇಳಿಸಿದಳು. "ಈ ಅಕ್ಕಿ ತೆಗೆದುಕೊಂಡು ನನಗೊಂದು ಮೂಟೆ ಭತ್ತ ಕೊಡಿ."

"ಎಲ್ಲಿ ಕದ್ದೆ?"

"ನನ್ನ ಹೊಟ್ಟೆಯಲ್ಲಿ ಕದ್ದೆ" ಎಂದಳು. ಮುಷ್ಟಿಯ ವಿಷಯ ಹೇಳಿದಳು.

ವ್ಯಾಪಾರಿ ಅಕ್ಕಿ ಅಳೆದ. ಮೂಟೆಯ ಬೆಲೆಗೆ ಇನ್ನೂ ಸ್ವಲ್ಪ ಕಡಿಮೆ ಬಂತು. "ದೀಪಾವಳಿಯ ಹೊತ್ತಿಗೆ ಪೂರ್ತಿಯಾಗುತ್ತದೆ, ಆಗ ಬಾ" ಎಂದ. ಎಲ್ಲರನ್ನೂ ಕರೆದು ಅವಳನ್ನು ಹೊಗಳಿದ. "ನೋಡಿ ಕಲಿಯಿರಿ" ಎಂದ. ಅವಳು ಚೀಲ ಹೊತ್ತು ಮನೆಗೆ ಹೋದಳು.

ಮರುದಿನ ಸಂಜೆ ಕೂಲಿ ಅಳೆಯುವಾಗ ಅವನ ಕೈಯಲ್ಲಿ ಒಂದು ಕೋಲು ಇತ್ತು. ಸೇರು ತುಂಬಿಸಿದ. ಬಾಯಿಯ ಮೇಲೆ ಕೋಲು ಎಳೆದ. ಗುಡ್ಡೆ ಅವನ ರಾಶಿಗೇ ಬಿತ್ತು.

"ಇದೇನು ಧಣಿ?"

"ದಿನಕ್ಕೊಂದು ಮುಷ್ಟಿ ಇಲ್ಲದೆಯೂ ಬದುಕಬಹುದು ಎಂದು ನೀನೇ ತೋರಿಸಿಕೊಟ್ಟೆಯಲ್ಲ. ಅಂದರೆ ಇಷ್ಟು ದಿನ ನಾನು ಹೆಚ್ಚು ಕೊಟ್ಟಿದ್ದೇನೆ."

"ಆ ಮುಷ್ಟಿ ನನ್ನ ಅನ್ನದಲ್ಲಿ ಕಡಿಮೆ ಮಾಡಿದ್ದು. ನಿಮ್ಮ ಅಳತೆಯಲ್ಲಿ ಹೆಚ್ಚಾದದ್ದಲ್ಲ."

ವ್ಯಾಪಾರಿ ಮುಂದಿನವಳ ಸೇರಿಗೆ ಕೋಲು ಎಳೆದ.

ದಾರಿಯಲ್ಲಿ ಹೆಂಗಸರು ಅವಳ ಮೇಲೆ ಬಿದ್ದರು. "ನಿನ್ನ ಮಡಕೆ ನಮ್ಮ ಮಕ್ಕಳ ತುತ್ತು ತಿಂದಿತು ಕಣೇ" ಎಂದಳು ಅದೇ ಮುದುಕಿ. ಮುಷ್ಟಿ ಕೂಡಿಟ್ಟವಳು ಮನೆಗೆ ಹೋಗಿ ಚೀಲದ ಅಕ್ಕಿಯನ್ನು ಮತ್ತೆ ಮಡಕೆಗೆ ಸುರಿದಳು. ಮಡಕೆಯನ್ನು ಬೀದಿಗೆ ತಂದು ಎಲ್ಲರ ನಡುವೆ ಇಟ್ಟಳು.

"ಇದು ನನ್ನ ಎರಡು ವರ್ಷದ ಹಸಿವು. ನಾಳೆಯಿಂದ ಯಾರೂ ಒನಕೆ ಎತ್ತಬೇಡಿ. ಇದು ಮುಗಿಯುವವರೆಗೆ ಎಲ್ಲರಿಗೂ ಗಂಜಿ ನನ್ನ ಮನೆಯಲ್ಲಿ."

"ನಿನ್ನ ಭತ್ತದ ಮೂಟೆ?" ಎಂದಳು ಮುದುಕಿ.

"ಗುಡ್ಡೆ ಇಲ್ಲದ ಸೇರಿನಲ್ಲಿ ಮೂಟೆ ಎಲ್ಲಿಂದ ಬರಬೇಕು, ಅಜ್ಜಿ?"

ಮರುದಿನ ಕೊಟ್ಟಿಗೆಯಲ್ಲಿ ಸದ್ದಿಲ್ಲ. ವ್ಯಾಪಾರಿ ಹೆದರಲಿಲ್ಲ. ಕೂಲಿಯವರ ಸಿಟ್ಟು ಒಂದು ಹೊತ್ತಿನ ಊಟದವರೆಗೆ ಎಂದು ಅವನಿಗೆ ಗೊತ್ತಿತ್ತು. ಎಲ್ಲ ಧಣಿಗಳಿಗೂ ಗೊತ್ತಿರುವ ಒಂದೇ ಶಾಸ್ತ್ರ ಅದು. ಹಸಿದರೆ ಬರುತ್ತಾರೆ ಎಂದು ಕಾದ. ಯಾರೂ ಬರಲಿಲ್ಲ. ಸಂತೆಯ ದಿನ ಬಂತು. ಅವನ ಬಳಿ ಭತ್ತದ ರಾಶಿ ಇತ್ತು, ಅಕ್ಕಿ ಇರಲಿಲ್ಲ. ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು.

ಅಂದು ಸಂಜೆ ಅವನು ಅವಳ ಮನೆಯ ಬಾಗಿಲಿಗೆ ಬಂದ. ಹೆಂಗಸರು ಸುತ್ತ ಕೂತು ಗಂಜಿ ಕುಡಿಯುತ್ತಿದ್ದರು. ನಡುವೆ ಮಡಕೆ ಇತ್ತು. ಅದರಲ್ಲಿ ಉಳಿದದ್ದು ಇನ್ನೊಂದು ಹೊತ್ತಿನ ಅಕ್ಕಿ. ಅವಳು ಮುಚ್ಚಳ ತೆಗೆಯಲಿಲ್ಲ.

"ಇದು ಇನ್ನೆಷ್ಟು ದಿನ ಬಂದೀತು?" ಎಂದ ವ್ಯಾಪಾರಿ.

"ಕಡಿಮೆಯಲ್ಲಿ ಬದುಕುವುದು ನಮಗೆ ಅಭ್ಯಾಸ ಧಣಿ. ನಿಮ್ಮ ಕತೆ ಹೇಗೆ?"

ಅವನು ಮಡಕೆ ನೋಡಿದ. ಮುಚ್ಚಳ ನೋಡಿದ. ಎಲೆ ಅಡಿಕೆ ಉಗಿದ. "ನಾಳೆ ಬನ್ನಿ, ಗುಡ್ಡೆ ನಿಮ್ಮದೇ" ಎಂದು ಹೊರಟುಹೋದ.

ಅವಳಿಗೆ ಭತ್ತದ ಮೂಟೆ ಸಿಗಲಿಲ್ಲ. ಮಡಕೆ ಬರಿದಾಯಿತು. ಮರುದಿನ ಅಡುಗೆಗೆ ಮೊದಲು ಅವಳು ಮತ್ತೆ ಒಂದು ಮುಷ್ಟಿ ತೆಗೆದು ಹಾಕಿದಳು. ಆ ಬೀದಿಯ ಪ್ರತಿ ಮನೆಯಲ್ಲೂ ಅಂದು ಒಂದು ಮಡಕೆ ನೆಲುವಿಗೆ ಏರಿತು. ಅದನ್ನು ಯಾರೂ ಧಣಿಗೆ ಹೇಳಲಿಲ್ಲ.

ಗುರು ಕತೆ ನಿಲ್ಲಿಸಿದ. ಶಿಷ್ಯ ಕೈಯಲ್ಲಿದ್ದುದನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

"ಹಾಗಾದರೆ ಉಳಿತಾಯದ ಪಾಠ ತಪ್ಪಲ್ಲವಲ್ಲ, ಗುರುಗಳೇ?" ಎಂದ.

"ತಪ್ಪಲ್ಲ, ಬೆನ್ನ ಹಿಂದಿರುವ ಆ ಕೋಲನ್ನು ಒಲೆಗೆ ಹಾಕು, ಮಠಕ್ಕೆ ಇವತ್ತು ಒಂದು ಕಟ್ಟಿಗೆ ಉಳಿಯುತ್ತದೆ."