ಸುಣ್ಣಕ್ಕೆ ಬಿದ್ದ ನೀರು

"ಅವ್ವ ಸತ್ತು ತಿಂಗಳಾಯಿತು. ನನ್ನ ಕಣ್ಣಿಂದ ಇನ್ನೂ ಒಂದು ಹನಿ ನೀರು ಬಂದಿಲ್ಲ. ನನಗೆ ಅವಳ ಮೇಲೆ ಪ್ರೀತಿಯೇ ಇರಲಿಲ್ಲವೇ, ಗುರುಗಳೇ?"

ಕೇಳಿದವನು ಕೊಟ್ರಪ್ಪ. ಮಠದಲ್ಲಿ ಓದುತ್ತ, ಉಗ್ರಾಣ ನೋಡಿಕೊಳ್ಳುತ್ತ ಇದ್ದ ಶಿಷ್ಯ. ಊರಿಗೆ ಹೋಗಿ ತಾಯಿಯನ್ನು ಮಣ್ಣು ಮಾಡಿ, ಬಂದ ಜನಕ್ಕೆಲ್ಲ ತಾನೇ ನಿಂತು ಊಟ ಬಡಿಸಿ, ಮರಳಿ ಬಂದಿದ್ದ. ಹಿರಿಯರು ಬೆನ್ನು ತಟ್ಟಿ, ಹುಡುಗ ಗಟ್ಟಿ ಅಂದಿದ್ದರು. ಚಿಗವ್ವ ಮಾತ್ರ, ಇವನದು ಕಲ್ಲೆದೆ ಅಂದಿದ್ದಳು. ಇವೆರಡರಲ್ಲಿ ಯಾವುದು ನಿಜವೆಂದು ಅವನಿಗೆ ತಿಳಿಯದಾಗಿತ್ತು. ಸಾಯುವ ಮೊದಲು ತಾಯಿ ಯಾರದೋ ಕೈಯಲ್ಲಿ ಕಳಿಸಿದ್ದ ಮಾವಿನ ಉಪ್ಪಿನಕಾಯಿಯ ಭರಣಿ ಉಗ್ರಾಣದ ಮೂಲೆಯಲ್ಲಿತ್ತು. ಅದರ ಬಾಯಿಗೆ ಅವಳು ಕಟ್ಟಿದ ಬಟ್ಟೆಯನ್ನು ಅವನು ಬಿಚ್ಚಿರಲಿಲ್ಲ. ಪಂಕ್ತಿಯಲ್ಲಿ ಕೂತವರು ಕೇಳಿದರೆ, ಇನ್ನೂ ಹದಕ್ಕೆ ಬಂದಿಲ್ಲ ಎನ್ನುತ್ತಿದ್ದ.

ಗುರುಗಳಿಗೆ ಎಲೆ ಅಡಿಕೆಯ ಚಟವಿತ್ತು. ಬಿಟ್ಟುಬಿಡಿ ಎಂದವರಿಗೆ, ಮುಕ್ತಿಗೆ ಇದೊಂದೇ ಅಡ್ಡಿಯಾಗಿದ್ದರೆ ಎಂದೋ ಬಿಡುತ್ತಿದ್ದೆ ಅನ್ನುತ್ತಿದ್ದರು. ಆಗಲೂ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಕೊಟ್ರಪ್ಪನ ಮಾತು ಕೇಳಿ ಎಲೆಯನ್ನು ಕೆಳಗಿಟ್ಟು, ಬೆರಳ ತುದಿಯ ಸುಣ್ಣವನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ಸುಣ್ಣಗಾರನಿದ್ದ. ಹಳ್ಳದಿಂದ ಸುಣ್ಣದ ಕಲ್ಲು ಆರಿಸಿ ತಂದು, ಗೂಡಿನಲ್ಲಿಟ್ಟು ಸುಡುವುದು ಅವನ ಕಸುಬು. ಅವನಿಗೆ ಹೊಸದಾಗಿ ಮದುವೆಯಾಯಿತು. ಹೆಂಡತಿ ಕುಂಬಾರರ ಓಣಿಯಲ್ಲಿ ಬೆಳೆದವಳು. ಬೆಂಕಿಯ ಕೆಲಸವನ್ನು ಕಣ್ಣಾರೆ ಕಂಡವಳು, ಆದರೆ ಕಂಡದ್ದು ಗಡಿಗೆ ಸುಡುವುದನ್ನು.

ಸುಣ್ಣಗಾರರಲ್ಲಿ ಒಂದು ಕಟ್ಟಳೆ ಇದೆ. ಗೂಡಿಗೆ ಬೆಂಕಿ ಇಟ್ಟ ಮೇಲೆ ಅದರ ಹತ್ತಿರ ಯಾರೂ ನೀರು ತರಬಾರದು. ಕುಡಿಯುವ ನೀರಿನ ಗಡಿಗೆಯೂ ಮನೆಯ ಹಿಂದೆ ಇರಬೇಕು. ಗಂಡ ಇದನ್ನು ಹೇಳಿದ, ಯಾಕೆಂದು ಹೇಳಲಿಲ್ಲ. ಕಟ್ಟಳೆ ಹೇಳುವವರು ಕಾರಣ ಹೇಳಲು ಮರೆಯುವುದು ಎಲ್ಲ ಕಡೆಯೂ ಉಂಟು, ನಮ್ಮ ಮಠದಲ್ಲೂ ಉಂಟು.

ಮಳೆಗಾಲಕ್ಕೆ ಮುಂಚಿನ ಕೊನೆಯ ಗೂಡು ಅದು. ಪಕ್ಕದ ಊರಿನವರು ಕಟ್ಟುತ್ತಿದ್ದ ಬಾವಿಗೆ ಸುಣ್ಣ ಬೇಕಾಗಿತ್ತು. ಬೆಂಕಿ ಇಟ್ಟ ದಿನವೇ ಸುಣ್ಣಗಾರ ಜ್ವರ ಬಂದು ಮಲಗಿದ. ಹೆಂಡತಿ ಒಬ್ಬಳೇ ಗೂಡು ಕಾದಳು. ಗಂಡನ ಹಣೆಗೆ ಒದ್ದೆ ಬಟ್ಟೆ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಸೌದೆ ಒಡ್ಡುವಳು. ಸೌದೆ ಒಡ್ಡಿ ಮತ್ತೆ ಒಳಗೆ ಓಡುವಳು. ಅವಳಿಗೆ ಸರಿಯಾದ ಊಟವಿಲ್ಲ, ನಿದ್ದೆಯಿಲ್ಲ. ಕಡೆಗೆ ಸೌದೆ ತೀರಿತು, ಗೂಡು ಆರಿತು.

ಬಿಚ್ಚಿ ನೋಡಿದರೆ ಒಳಗೆ ಹೋದ ಕಲ್ಲುಗಳೇ ಹೊರಗೆ ಬಂದಿದ್ದವು. ಅದೇ ಆಕಾರ, ಹೆಚ್ಚುಕಡಿಮೆ ಅದೇ ಗಾತ್ರ. ಬಣ್ಣ ಒಂದಿಷ್ಟು ಬೆಳ್ಳಗಾಗಿತ್ತು. ಎತ್ತಿಕೊಂಡರೆ ಮೊದಲಿಗಿಂತ ಹಗುರ, ಮುಟ್ಟಿದರೆ ತಣ್ಣಗೆ. ಇದು ಬೆಂದೇ ಇಲ್ಲವೇನೋ ಎನ್ನಿಸಿತು ಅವಳಿಗೆ. ತವರಿನ ಓಣಿಯಲ್ಲಿ ಬೆಂದ ಗಡಿಗೆ ಕೆಂಪಾಗುತ್ತಿತ್ತು, ತಟ್ಟಿದರೆ ಠಣ್ ಎನ್ನುತ್ತಿತ್ತು. ಅಷ್ಟಕ್ಕೂ ನಂಬಿಕೆ ಬಾರದಿದ್ದರೆ ನೀರು ಹುಯ್ದು ನೋಡುತ್ತಿದ್ದರು. ಬೆಂದದ್ದು ನಿಲ್ಲುತ್ತಿತ್ತು, ಬೇಯದ್ದು ಕಲಸಿ ಮಣ್ಣಾಗುತ್ತಿತ್ತು. ಅವಳಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಗೂಡು ಆರಿದ ಮೇಲೆ ಕಟ್ಟಳೆ ಮುಗಿಯಿತೆಂದುಕೊಂಡು, ಒಂದು ಕಲ್ಲನ್ನು ಮಣ್ಣಿನ ಬಟ್ಟಲಲ್ಲಿಟ್ಟು, ಮನೆಯ ಹಿಂದಕ್ಕೆ ಒಯ್ದು ನೀರು ಹುಯ್ದಳು.

ಕಲ್ಲು ನೀರು ಕುಡಿದು ಸುಮ್ಮನಿತ್ತು. ಸದ್ಯ ಬೆಂದಿದೆ ಎಂದು ಅವಳು ಉಸಿರು ಬಿಟ್ಟಳು. ಅಷ್ಟರಲ್ಲಿ ಅದು ಚಟಪಟ ಎಂದಿತು. ಬಿರುಕು ಬಿಟ್ಟಿತು, ಬುಸುಗುಟ್ಟಿತು, ಹಬೆ ಎದ್ದಿತು. ನೋಡುತ್ತಿದ್ದಂತೆ ಕಲ್ಲು ಕುಸಿದು ಹಿಟ್ಟಾಯಿತು.

ಅವಳು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮತ್ತೊಂದು ಗೂಡು ಸುಡಲು ಸೌದೆಯಿಲ್ಲ, ಗಂಡನಿಗೆ ಏಳುವ ಶಕ್ತಿಯಿಲ್ಲ, ಮಳೆ ಇಂದೋ ನಾಳೆಯೋ. ಕಲ್ಲುಗಳನ್ನೆಲ್ಲ ಹಳ್ಳಕ್ಕೆ ಸುರಿದುಬಿಡೋಣ ಎನ್ನಿಸಿತು. ಆದರೆ ನಂಬಿದ ಗಂಡನಿಗೆ ಮುಚ್ಚಿಡಲು ಅವಳಿಗೆ ಮನಸ್ಸು ಬರಲಿಲ್ಲ. ಬಟ್ಟಲನ್ನು ಸೆರಗಿನಲ್ಲಿ ಹಿಡಿದು ಅವನ ಹಾಸಿಗೆಯ ಬಳಿ ಹೋದಳು. ನಿಮ್ಮ ಗೂಡನ್ನು ಕೆಡಿಸಿದೆ, ಕಲ್ಲು ಬೆಂದಿಲ್ಲ, ನೀರು ಬಿದ್ದದ್ದೇ ಪುಡಿಯಾಯಿತು ಎಂದು ಹೇಳಿ ಅತ್ತಳು.

ಗಂಡ ಕೈ ಚಾಚಿ ಬಟ್ಟಲನ್ನು ಮುಟ್ಟಿದ. ಮುಟ್ಟಿದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡ. ಅಷ್ಟು ಬಿಸಿಯಿತ್ತು.

"ನೀ ಹುಯ್ದದ್ದು ಬಿಸಿನೀರೇನು?"

"ಅಲ್ರಿ, ತಣ್ಣೀರು. ಕಲ್ಲೂ ತಣ್ಣಗಿತ್ತು."

"ಹಂಗಾದ್ರೆ ಈ ಬಿಸಿ ನೀ ಒಡ್ಡಿದ ಬೆಂಕಿದು. ಎಲ್ಲೂ ಹೋಗಿಲ್ಲ, ಕಲ್ಲಿನೊಳಗೇ ಕೂತಿತ್ತು. ಗಡಿಗೆ ಬೆಂದ್ರೆ ನೀರು ತಡೀತೈತಿ. ಸುಣ್ಣ ಬೆಂದ್ರೆ ನೀರಿಗೆ ಅರಳ್ತೈತಿ. ಬೇಯದ ಕಲ್ಲಾಗಿದ್ರೆ ಏನೂ ಆಗದೆ ಹಂಗೇ ಇರ್ತಿತ್ತು."

ಅವಳು ಮತ್ತೆ ಅತ್ತಳು. ಈ ಸಲದ ಅಳು ಬೇರೆ. ಆ ಗೂಡಿನ ಸುಣ್ಣವೇ ಬಾವಿಗೆ ಹೋಯಿತು. ಹಿಟ್ಟಾಗಿದ್ದದ್ದು ಮರಳಿನ ಜೊತೆ ಅರೆಸಿಕೊಂಡು, ಗೋಡೆಯಲ್ಲಿ ಗಾಳಿ ಉಂಡು, ವರ್ಷ ಕಳೆಯುವಷ್ಟರಲ್ಲಿ ಮತ್ತೆ ಕಲ್ಲಾಯಿತು.

ಗುರುಗಳು ಕತೆ ನಿಲ್ಲಿಸಿ ಎಲೆ ಮಡಿಸಿದರು. ತಾನು ಇಷ್ಟು ದಿನ ಗಡಿಗೆಯ ಪರೀಕ್ಷೆಯಲ್ಲಿ ಗೆದ್ದೆನೋ ಸೋತೆನೋ ಎಂದು ಲೆಕ್ಕ ಹಾಕುತ್ತಿದ್ದುದು ಕೊಟ್ರಪ್ಪನಿಗೆ ಅರ್ಥವಾಯಿತು. ಆದರೂ ಒಂದು ಭಯ ಉಳಿದಿತ್ತು. ನನ್ನ ಮೇಲೆ ಬೀಳಬೇಕಾದ ಆ ನೀರು ಎಲ್ಲಿದೆ ಎಂದು ಮೆಲ್ಲಗೆ ಕೇಳಿದ.

ಗುರುಗಳು ಎಲೆಯನ್ನು ಬಾಯಿಗಿಟ್ಟುಕೊಂಡು, ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ಇವತ್ತಿನ ಊಟಕ್ಕೆ ನಿಮ್ಮವ್ವನ ಭರಣಿ ಬಿಚ್ಚು."