ಗುಡ್ಡ ಬೆಳೆಯದೆ ನಿಂತದ್ದೇಕೆ

ಊರಾಚೆಯ ಕಸದ ಗುಡ್ಡದಲ್ಲಿ ಒಂದು ಹೆಗ್ಗಣವಿತ್ತು. ದಿನವೂ ತುಂಬಿ ಬರುತ್ತಿದ್ದ ಲಾರಿಗಳು ಕಡಿಮೆಯಾದದ್ದನ್ನು ಕಂಡು ಅದಕ್ಕೆ ಸೋಜಿಗವಾಯಿತು. ಕಾರಣ ತಿಳಿಯಲು ಊರೊಳಕ್ಕೆ ಹೋದಾಗ, ಸಂತೆಮಾಳದ ಹಿಂದಿನ ಗೊಬ್ಬರದ ಗುಂಡಿಯಲ್ಲಿ ಎರೆಹುಳು ಸಿಕ್ಕಿತು.

"ಎಲೈ ಎರೆಹುಳುವೇ, ಊರಿನವರು ಉಣ್ಣುವುದನ್ನೇ ಬಿಟ್ಟರೇನು?"

"ಇಲ್ಲ ಹೆಗ್ಗಣರಾಯರೇ. ಸಿಪ್ಪೆಯನ್ನೂ ಪ್ಲಾಸ್ಟಿಕ್ಕನ್ನೂ ಈಗ ಬೇರೆಬೇರೆಯಾಗಿ ಕೊಡುತ್ತಾರೆ. ಪ್ಲಾಸ್ಟಿಕ್ ಗುಜರಿಗೆ ಹೋಗುತ್ತದೆ, ಸಿಪ್ಪೆ ನನಗೆ ಬರುತ್ತದೆ."

"ಇಡೀ ಸಂತೆಯ ಸಿಪ್ಪೆ ಇಷ್ಟು ಸಣ್ಣ ಗುಂಡಿಯಲ್ಲಿ ಹಿಡಿಸುತ್ತದೆಯೇ?"

"ನಿಮ್ಮಲ್ಲಿಗೆ ಬಂದದ್ದು ಅಲ್ಲೇ ಕೊಳೆತು ಕೂರುತ್ತದೆ. ಇಲ್ಲಿಗೆ ಬಂದದ್ದು ಗೊಬ್ಬರವಾಗಿ ಹೊಲಕ್ಕೆ ಹೊರಡುತ್ತದೆ. ಮತ್ತೆ ಗುಂಡಿ ತುಂಬುವುದೆಂತು?"

ಹೆಗ್ಗಣ ಬಗ್ಗಿ ನೋಡಿತು. ಸಿಪ್ಪೆಯ ನಡುವೆ ಒಂದು ಪ್ಲಾಸ್ಟಿಕ್ ಚೀಲ ನುಸುಳಿಕೊಂಡಿತ್ತು. ಅಂಥದ್ದನ್ನೇ ನುಂಗಿ ತನ್ನ ಮರಿ ಸತ್ತದ್ದು ನೆನಪಾಯಿತು. ಅದು ಚೀಲವನ್ನು ಹಲ್ಲಿನಿಂದ ಕಚ್ಚಿ ಹೊರಗೆಳೆದು, "ಇನ್ನು ಇದನ್ನು ಹೆಕ್ಕುವ ಕೆಲಸ ನನ್ನದು" ಎಂದು ಗುಂಡಿಯ ಪಕ್ಕದಲ್ಲೇ ಬಿಲ ತೋಡತೊಡಗಿತು.