ಅಡುಗೆಮನೆ ಹಿಂದಿನ ಕೋಣೆಯ ವಿಳಾಸ

"ಕೇಳ್ರಪ್ಪೋ ಕೇಳಿ! ಮಾತೂರಿನ ದೊರೆ ಚಂದ್ರಕೀರ್ತಿ ಬುದ್ಧಿಯವರ ಅಪ್ಪಣೆ. ಅರಮನೆಯ ಫೋನು ಕೆಟ್ಟದೆ. ಅದರ ಮೇಲೆ ಬುದ್ಧಿಯವರು ಮೂರು ಒಗಟು ಕೇಳ್ತಾರೆ. ಬಿಡಿಸಿದವರಿಗೆ ಬೇಡಿದ್ದು ಕೊಡ್ತಾರೆ. ತಪ್ಪಿದವರ ತಲೆ ಅಮಾಸೆಗೆ ತೆಗೀತಾರೆ!"

ಹೆಬ್ಬಾಗಿಲ ಪಕ್ಕದಲ್ಲಿ ವೀಳ್ಯದೆಲೆ ಮಾರುತ್ತಿದ್ದ ಸಣ್ಣತಾಯಿ ಡಂಗುರ ಕೇಳಿ ಬುಟ್ಟಿ ಮುಚ್ಚಿದಳು. ನಾಳೆಯೇ ಅಮಾವಾಸ್ಯೆ. ತಲೆ ಹೋಗುವವರ ಸಾಲಿನಲ್ಲಿ ಮೊದಲನೆಯವನು ಅವಳ ಅಣ್ಣ ಶಿವಮಲ್ಲ.

ತಪ್ಪು ಅವನದೂ ಇತ್ತೆನ್ನಿ. ದೊರೆಗೆ ಹೊರಗಿನ ಕಂಪನಿಗಳನ್ನು ಕಂಡರಾಗದು. ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಇಂಟರ್‌ನೆಟ್ ಫೋನಿನ ಸರ್ವರನ್ನು, ಅಂದರೆ ಕರೆ ಕೂಡಿಸುವ ಪೆಟ್ಟಿಗೆಯನ್ನು, ಅರಮನೆಯಲ್ಲೇ, ಅಡುಗೆಮನೆ ಹಿಂದಿನ ಕೋಣೆಯಲ್ಲಿ, ಇಡಿಸಿದ್ದ. ಜೋಡಿಸಿದವನು ಶಿವಮಲ್ಲ. ಅಡುಗೆಮನೆಯಿಂದ ಕುದುರೆಲಾಯಕ್ಕೆ, ಲಾಯದಿಂದ ಅಡುಗೆಮನೆಗೆ ಫೋನು ಮಾಡಿ ನೋಡಿ, ಎಲ್ಲ ಸರಿಯಾಗಿದೆ ಎಂದು ಊಟಕ್ಕೆ ಹೋದ. ಹೊರಗಿನಿಂದ ಒಮ್ಮೆಯೂ ಮಾಡಿ ನೋಡಲಿಲ್ಲ. ಕಡಲಂಚಿನ ಸೀಮೆಗೆ ಮದುವೆಯಾಗಿ ಹೋದ ರಾಜಕುಮಾರಿ ಕಾಂತಿಮತಿಯ ಕರೆಗಳು ಕೆಡತೊಡಗಿದಾಗ, "ನನ್ನ ಪೆಟ್ಟಿಗೆ ಸರಿಯಾಗೈತೆ ಬುದ್ಧಿ. ಅಮ್ಮಾವ್ರೇ ಮಾತಾಡ್ತಿಲ್ಲವೇನೋ" ಅಂದುಬಿಟ್ಟ. ಅಷ್ಟು ದೂರ ಕೊಟ್ಟದ್ದಕ್ಕೆ ಮಗಳು ಮುನಿದಿದ್ದಾಳೆಂಬ ಅಳುಕು ದೊರೆಗೆ ಮೊದಲೇ ಇತ್ತು. ಶಿವಮಲ್ಲ ಅದೇ ಗಾಯಕ್ಕೆ ಕೈ ಹಾಕಿ ಸೆರೆಮನೆ ಸೇರಿದ.

ಸಣ್ಣತಾಯಿ ಒಳಗೆ ಹೋದಾಗ ಸಭೆಯಲ್ಲಿ ದೊರೆ ಮೊದಲ ಒಗಟು ಹೇಳುತ್ತಿದ್ದ.

"ನಾನು ಆಡಿದ್ದು ಮಗಳಿಗೆ ಕೇಳುತ್ತದೆ. ಮಾವಿನ ಮಿಡಿ ಉಪ್ಪಿನಕಾಯಿ ಬೇಕು ಅಂದೆ, ಭರಣಿ ಬಂತು. ಅವಳು ಆಡಿದ್ದು ಮಾತ್ರ ನನಗೆ ಒಂದಕ್ಷರವೂ ಬರುವುದಿಲ್ಲ. ಅವಳ ಮಾತು ಎಲ್ಲಿಗೆ ಹೋಯಿತು?"

ಆಸ್ಥಾನದ ಜೋಯಿಸರು ಕವಡೆ ಹಾಕಿ, ಶನಿ ಬಂದು ದೊರೆಯ ಕಿವಿಯಲ್ಲಿ ಕೂತಿದ್ದಾನೆ ಅಂದರು. ಅವರನ್ನು ಎಳೆದೊಯ್ದರು. ಸಾಹುಕಾರನ ಮಗನೊಬ್ಬ ಚಿನ್ನದ ಲೇಪದ ಹೊಸ ಫೋನು ತಂದಿದ್ದ. ಅದನ್ನೂ ಅದೇ ಪೆಟ್ಟಿಗೆಗೆ ಜೋಡಿಸಿ ದೊರೆ ಮಗಳಿಗೆ ಹಲೋ ಹಲೋ ಎಂದು ಗಂಟಲು ಹರಿದುಕೊಂಡ. ಆಚೆಯಿಂದ ಅದೇ ಮೌನ. ಅವನನ್ನೂ ಎಳೆದೊಯ್ದರು.

"ಸೆರೆಮನೇಲಿ ಜಾಗಿಲ್ಲ ಬುದ್ಧಿ, ಒತ್ತಿ ಕೂರಿಸ್ಬೇಕು," ಎಂದು ಕಾವಲಿನವನು ಗೊಣಗಿದ.

ಸಣ್ಣತಾಯಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಬುದ್ಧಿ, ನಾ ಬಾಗಿಲ ಆಚೆ ನಿಂತ್ಕತೀನಿ. ನಂಗೊಂದು ಫೋನು ಮಾಡಿ."

ತನ್ನ ಫೋನು ಹಿಡಿದು ಹೆಬ್ಬಾಗಿಲ ಆಚೆ ನಿಂತಳು. ದೊರೆಯ ದನಿ ಗಂಟೆ ಹೊಡೆದಂತೆ ಕೇಳಿತು. "ಎಲೆ ಬೇಕಾ ಬುದ್ಧಿ?" ಎಂದು ಅವಳು ಕೂಗಿದ್ದು ದೊರೆಗೆ ಕೇಳಲಿಲ್ಲ. ಒಳಗೆ ಬಂದು ಅಡುಗೆಮನೆಯಲ್ಲಿ ನಿಂತು ಅದೇ ಫೋನಿನಲ್ಲಿ ಮಾತಾಡಿದಾಗ ಎರಡೂ ಕಡೆ ಚೆನ್ನಾಗಿ ಕೇಳಿತು.

"ಕರೆ ಶುರುವಾಗೋ ಮುಂಚೆ ಎರಡು ಕಡೆಯೋರೂ ವಿಳಾಸ ಹೇಳ್ಕೋತಾರೆ ಅಂತ ನಮ್ಮಣ್ಣ ಹೇಳ್ತಿದ್ದ," ಅಂದಳು. "ನಿಮ್ಮ ಪೆಟ್ಟಿಗೆ ಎಲ್ಲರಿಗೂ 'ಅಡುಗೆಮನೆ ಹಿಂದಿನ ಕೋಣೆ' ಅಂತ ಹೇಳ್ತದೆ. ಒಳಗಿನೋರಿಗೆ ಅಷ್ಟು ಸಾಕು. ಕಡಲಂಚಲ್ಲಿರೋ ಅಮ್ಮಾವ್ರ ಮಾತು ಯಾರ ಅಡುಗೆಮನೆ ಅಂತ ಹುಡುಕ್ಬೇಕು? ದಾರೀಲೇ ಕಳೆದೋಗ್ತದೆ. ಊರು, ಹೆಬ್ಬಾಗಿಲು ಹೇಳೋದನ್ನ ಅದಕ್ಕೆ ಯಾರೂ ಕಲಿಸಿಲ್ಲ."

ದೊರೆ ಮುಂದಕ್ಕೆ ಬಾಗಿ ಕೂತ. "ಎರಡನೆಯದು. ಮಗಳು ಕರೆದಾಗ ಎತ್ತುತ್ತೇನೆ. ಅರ್ಧ ನಿಮಿಷಕ್ಕೆಲ್ಲ ಕರೆ ಸತ್ತುಬೀಳುತ್ತದೆ. ನಾನು ಇಟ್ಟಿಲ್ಲ, ಅವಳು ಇಟ್ಟಿದ್ದಾಳೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಕೊಂದವರು ಯಾರು?"

ಸಣ್ಣತಾಯಿಗೆ ಅಜ್ಜಿ ನೆನಪಾದಳು. ಅಜ್ಜಿ ಕತೆ ಹೇಳುವಾಗ ಮೊಮ್ಮಕ್ಕಳು ಹ್ಞೂಂಗುಟ್ಟುತ್ತಿರಬೇಕು. ಹ್ಞೂಂ ನಿಂತರೆ ಮಲಗಿಬಿಟ್ಟರೆಂದು ಅಜ್ಜಿ ಕತೆ ನಿಲ್ಲಿಸಿ ಮಗ್ಗುಲಾಗುತ್ತಿದ್ದಳು.

"ಕೊಂದದ್ದು ನಿಮ್ಮ ಪೆಟ್ಟಿಗೇನೇ ಬುದ್ಧಿ. ಎತ್ತಿದ್ದೀನಿ ಅಂತ ಅದು ಹೇಳ್ತದೆ, ಆಚೆಯಿಂದ ಹ್ಞೂಂ ಬರಲಿ ಅಂತ ಕಾಯ್ತದೆ. ಹ್ಞೂಂ ಬಂದಿರ್ತದೆ. ಆದ್ರೆ ಅದೂ ಆ ಅಡುಗೆಮನೇನೇ ಹುಡುಕ್ತಾ ಅಲೀತಿರ್ತದೆ. ಕಾದು ಕಾದು ಯಾರೂ ಇಲ್ಲ ಅಂತ ಪೆಟ್ಟಿಗೆ ಕರೆ ಮುಗಿಸ್ತದೆ."

ಸಭೆಯಲ್ಲಿ ಪಿಸುಮಾತು ಎದ್ದಿತು. ದೊರೆ ಕೈಯೆತ್ತಿದ. "ಕಡೆಯದು. ನಾನು ಕರೆದ ಮೇಲೆ ಸ್ವಲ್ಪ ಹೊತ್ತು ಅವಳ ಕರೆ ಬರುತ್ತದೆ. ಆಮೇಲೆ ಅವಳು ಎಷ್ಟು ಕರೆದರೂ ಇಲ್ಲಿ ಗಂಟೆ ಬಾರಿಸುವುದಿಲ್ಲ. ಯಾಕೆ?"

ಇದು ಸಣ್ಣತಾಯಿಗೆ ಹೊಳೆಯಲಿಲ್ಲ. ಅಣ್ಣನ ಮುಖ ಕಣ್ಣಮುಂದೆ ಬಂತು. ಅಷ್ಟರಲ್ಲಿ ಹೆಬ್ಬಾಗಿಲಲ್ಲಿ ಗಲಾಟೆ ಕೇಳಿಸಿತು. ಸೆರೆಮನೆ ಸೇರಿದ ಜೋಯಿಸರಿಗೆ ಪಂಚೆ ತರಲು ಹೊರಗೆ ಹೋಗಿ ಮರಳಿ ಬಂದ ಅವರ ಅಳಿಯನನ್ನು ಕಾವಲಿನ ಕೆಂಪಯ್ಯ ಒಳಗೆ ಬಿಡದೆ, "ಯಾರಯ್ಯ ನೀನು?" ಎಂದು ದಬಾಯಿಸುತ್ತಿದ್ದ. ಸಣ್ಣತಾಯಿಗೆ ನಗು ಬಂತು.

"ನಮ್ಮ ಕೆಂಪಯ್ಯನ ಹಂಗೇ ಬುದ್ಧಿ. ಹೊರಗೆ ಹೋದೋರ ಮುಖ ತನ್ನ ಬಾಯಲ್ಲಿ ಎಲೆಯಡಿಕೆ ಇರೋಗಂಟ ನೆನಪಿರ್ತದೆ. ಉಗಿದ ಮೇಲೆ ಬಂದ್ರೆ ಯಾರೋ ಏನೋ. ಇಂಟರ್‌ನೆಟ್ಟಿನ ಬಾಗಿಲಲ್ಲೂ ಒಬ್ಬ ಕಾವಲಿನೋನು ಇದ್ದಾನೆ ಅಂತ ನಮ್ಮಣ್ಣ ಹೇಳಿದ್ದ. ನೀವು ಕರೆದದ್ದು ನೆನಪಿರೋಗಂಟ ಅಮ್ಮಾವ್ರನ್ನ ಬಿಡ್ತಾನೆ, ಮರೆತ ಮೇಲೆ ತಡೀತಾನೆ. ಪೆಟ್ಟಿಗೆ ಆಗಾಗ ಬಾಗಿಲಿಗೆ ಹೋಗಿ ಅವನನ್ನ ಮಾತಾಡಿಸ್ತಿದ್ರೆ ಮರೆಯಲ್ಲ."

ಶಿವಮಲ್ಲನನ್ನು ಬೇಡಿಯಲ್ಲೇ ಕರೆತಂದರು. ತಂಗಿ ಹೇಳಿದ್ದನ್ನು ಕೇಳಿ ಅವನು ಹಣೆ ಚಚ್ಚಿಕೊಂಡ. ಪೆಟ್ಟಿಗೆಗೆ ಹೆಬ್ಬಾಗಿಲ ವಿಳಾಸ ಹೇಳಿಕೊಟ್ಟ, ಆಗಾಗ ಬಾಗಿಲು ತಟ್ಟಲು ಹೇಳಿದ. "ಇದೂ ಸುಳ್ಳಾದರೆ ಇಬ್ಬರ ತಲೆಯೂ ಉಳಿಯುವುದಿಲ್ಲ," ಅಂದ ದೊರೆ.

ಎಲ್ಲರೂ ಕಾದು ಕೂತರು. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಕೆಂಪಯ್ಯ ಎಲೆಯಡಿಕೆ ಉಗಿದು ಹೊಸದು ಹಾಕಿಕೊಂಡ. ಆಗ ಫೋನು ಗಂಟೆ ಬಾರಿಸಿತು.

"ಅಪ್ಪಾಜಿ, ಉಪ್ಪಿನಕಾಯಿ ಚೆನ್ನಾಗಿತ್ತಾ? ಎಷ್ಟು ಸಲ ಕೇಳಿದೆ. ನೀವು ಒಂದಕ್ಕೂ ಉತ್ತರ ಕೊಡಲ್ಲ. ನನ್ನ ಮೇಲೆ ಸಿಟ್ಟಾ?"

ಹಗಲೆಲ್ಲ ಒಗಟು ಕೇಳಿದ್ದ ದೊರೆಗೆ ಈಗ ಬಾಯಿ ಬರಲಿಲ್ಲ. ಫೋನು ಹಿಡಿದು ಸುಮ್ಮನೆ ಕಣ್ಣೀರು ಸುರಿಸುತ್ತ ಕೂತ. ಅರ್ಧ ನಿಮಿಷ ಕಳೆಯಿತು, ಕರೆ ಕಡಿಯಲಿಲ್ಲ. "ಅಪ್ಪಾಜಿ, ಇದೀರಾ?" ಎಂದು ಆಚೆಯ ದನಿ ಕುಗ್ಗಿತು.

ಸಣ್ಣತಾಯಿ ತಡೆಯಲಾರದೆ ಹತ್ತಿರ ಬಂದು ಪಿಸುಗುಟ್ಟಿದಳು. "ಬುದ್ಧಿ, ಹ್ಞೂಂ ಅನ್ನಿ."

"ಹ್ಞೂಂ," ಅಂದ ದೊರೆ. "ಇದೀನಿ ಮಗಳೇ. ಹೇಳು."

ಸಣ್ಣತಾಯಿ ಬೇಡಿದ್ದು ಅಣ್ಣನನ್ನು. ದೊರೆ ಅವನ ಜೊತೆಗೆ ಸೆರೆಮನೆಯಲ್ಲಿದ್ದವರನ್ನೆಲ್ಲ ಬಿಟ್ಟ, ಅರಮನೆಯ ಎಲೆಯಡಿಕೆ ಸರಬರಾಜನ್ನು ಅವಳಿಗೇ ವಹಿಸಿದ. ಶಿವಮಲ್ಲ ಅಂದಿನಿಂದ ಏನು ಜೋಡಿಸಿದರೂ ಮೊದಲು ಬಾಗಿಲ ಆಚೆ ಹೋಗಿ ನಿಂತು ನೋಡುತ್ತಾನೆ. ಇಷ್ಟು ಹೊತ್ತು ಹ್ಞೂಂಗುಟ್ಟಿದ ನಿಮಗೂ ಸಣ್ಣತಾಯಿಯ ಬುಟ್ಟಿಯಿಂದ ಒಂದು ಚಿಗುರೆಲೆ.